ಶಾಲೆ ಮೈದಾನದಲ್ಲಿ ಕುಡಿತ ನಿಂತಿದ್ದು ಹೇಗೆ: ಒಬ್ಬ ಪಿಡಿಒ ಅನುಭವ

ನಾನು ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ (ಪಿಡಿಒ). ನಮ್ಮೂರ ಶಾಲೆ ಹಿಂದೆ ಜನ ಕುಡಿಯಲು ಕೂರುವ ವಿಷಯವನ್ನು ತಾಲ್ಲೂಕು ಪಂಚಾಯಿತಿ ಸಭೆಯಲ್ಲಿ ಎತ್ತಿದಾಗಲೆಲ್ಲ ಜೊತೆಯ ಪಿಡಿಒಗಳು ಹೇಳುತ್ತಿದ್ದುದು ಒಂದೇ ಮಾತು: "ನೀರು, ಚರಂಡಿ, ಇ-ಸ್ವತ್ತು ನೋಡ್ಕೊಳ್ಳಿ ಸಾರ್. ಕುಡಿಯೋರ ತಂಟೆ ನಮಗ್ಯಾಕೆ?" ಠಾಣೆಗೆ ಹೋದರೆ ಅಬಕಾರಿಯವರನ್ನು ಕೇಳಿ ಅಂದರು. ಅಬಕಾರಿಯವರು ಠಾಣೆಗೆ ಹೋಗಿ ಅಂದರು. ಈಗ ಸುಮಾರು ಒಂದೂವರೆ ವರ್ಷದಿಂದ ನಮ್ಮ ಹಿರಿಯ ಪ್ರಾಥಮಿಕ ಶಾಲೆಯ ಹಿಂದೆ ಯಾರೂ ಕುಡಿಯಲು ಕೂರುತ್ತಿಲ್ಲ. ಅಂದು ಬೇಡ ಅಂದವರಲ್ಲಿ ಮೂವರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಹೊರಬಂದಿದ್ದು ಮಕ್ಕಳ ಗ್ರಾಮ ಸಭೆಯಲ್ಲಿ. ಸೋಮವಾರ ಪ್ರಾರ್ಥನೆಗೆ ಮುಂಚೆ ಗಾಜಿನ ಚೂರು ಗುಡಿಸುವುದು ತಮ್ಮ ಕೆಲಸ ಅಂತ ಏಳನೇ ತರಗತಿಯ ಹುಡುಗಿ ಎದ್ದು ನಿಂತು ಹೇಳಿದಳು. ನಡವಳಿಯಲ್ಲಿ ಬರೆದುಕೊಂಡೆವು. ಆ ಸಾಲು ಮುಂದೆ ಬಹಳ ಉಪಯೋಗಕ್ಕೆ ಬಂತು. ನಾವು ಬಾಯಲ್ಲಿ ಹೇಳಿದರೆ ಯಾವ ಇಲಾಖೆಯೂ ಅಲುಗುವುದಿಲ್ಲ. ಠರಾವಿನ ಪ್ರತಿ, ತಾರೀಖು ಇರುವ ಫೋಟೊ ಎರಡೂ ಇದ್ದರೆ ಫೈಲು ಓಡುತ್ತದೆ.

ಮೊದಲ ವರ್ಷ ಏನೂ ಕೈಗೆ ಹತ್ತಲಿಲ್ಲ. ಜೀಪು ಬಂತು, ನಾಲ್ಕೈದು ಜನರ ಮೇಲೆ ಸಾರ್ವಜನಿಕ ಜಾಗದಲ್ಲಿ ಕುಡಿದದ್ದಕ್ಕೆ ಅಬಕಾರಿ ಕಾಯ್ದೆಯ 15(ಎ) ಕೇಸು ಬಿತ್ತು, ದಂಡ ಕಟ್ಟಿದರು, ಮುಂದಿನ ವಾರ ಅದೇ ಜಾಗದಲ್ಲಿ ಕೂತರು. ಆಮೇಲೆ ಸದಸ್ಯರ ಒತ್ತಾಯಕ್ಕೆ ವರ್ಗ-1ರಲ್ಲಿ, ಅಂದರೆ ಪಂಚಾಯಿತಿಯ ಸ್ವಂತ ನಿಧಿಯಲ್ಲಿ, ನಾಲ್ಕು ಕ್ಯಾಮೆರಾ ಹಾಕಿಸಿದೆವು. ನಲವತ್ತೈದು ಸಾವಿರ ಹೋಯಿತು. ಎರಡು ತಿಂಗಳಲ್ಲಿ ಒಂದರ ಕೇಬಲ್ ಕತ್ತರಿಸಿದ್ದರು, ಇನ್ನೊಂದು ಮಾಯ. ಉಳಿದೆರಡರಲ್ಲಿ ಕಂಡಿದ್ದು ಕತ್ತಲು ಮತ್ತು ಟವೆಲ್ ಸುತ್ತಿದ ತಲೆಗಳು. ಬೆಳಕಿಲ್ಲದ ಕಡೆ ಕ್ಯಾಮೆರಾಗೆ ಒಂದು ರೂಪಾಯಿಯನ್ನೂ ಹಾಕಬೇಡಿ.

ಇವೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಸ್ವಸಹಾಯ ಸಂಘದ ಒಬ್ಬ ಅಕ್ಕ ಸಹಿ ಹಾಕಿ ದೂರು ಕೊಟ್ಟಿದ್ದರು. ಯಾವುದೋ ಕಚೇರಿಯಿಂದ ಅವರ ಹೆಸರು ಹೊರಗೆ ಬಂತು. ಅದೇ ವಾರ ಅವರ ಮನೆಯ ಶೀಟಿನ ಮೇಲೆ ಕಲ್ಲು ಬಿತ್ತು. ಅವತ್ತಿಂದ ನಮ್ಮಲ್ಲಿ ದೂರು ಹೋಗುವುದು ಪಂಚಾಯಿತಿ ಹೆಸರಿನಲ್ಲಿ, ನನ್ನ ಸಹಿಯಲ್ಲಿ. ಹೆಣ್ಣುಮಕ್ಕಳನ್ನು ಮುಂದೆ ನಿಲ್ಲಿಸಿ ಇಲಾಖೆಗಳು ಹಿಂದೆ ನಿಲ್ಲುವ ಪದ್ಧತಿಯನ್ನು ಎಲ್ಲ ಕಡೆಯೂ ಕೈಬಿಡಬೇಕು.

ದಾರಿ ಸಿಕ್ಕಿದ್ದು ಸ್ವಚ್ಛ ವಾಹಿನಿ ಗಾಡಿಯಿಂದ. ಕಸ ಎತ್ತುವ ಹೆಣ್ಣುಮಕ್ಕಳಿಗೆ ಒಂದು ನೋಟ್‌ಬುಕ್ ಕೊಟ್ಟೆವು. ಜಾಗ, ದಿನ, ಎಷ್ಟು ಬಾಟಲಿ, ಎಷ್ಟು ಪ್ಯಾಕೆಟ್, ಇಷ್ಟೇ. ತೊಂಬತ್ತು ಎಂಎಲ್ ಮದ್ಯದ ಟೆಟ್ರಾ ಪ್ಯಾಕೆಟ್ ಬೇರೆ ಕಾಲಂನಲ್ಲಿ ಬರೆಸಿ. ಗಾಜನ್ನು ಗುಜರಿಯವರು ನಮಗಿಂತ ಮುಂಚೆಯೇ ಆಯ್ದುಕೊಂಡು ಹೋಗಿರುತ್ತಾರೆ, ಪ್ಯಾಕೆಟ್ ಬಿದ್ದಲ್ಲೇ ಇರುತ್ತದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಲೆಕ್ಕ ಕಣ್ಣಿಗೆ ಕಂಡಿತು. ಒಂಬತ್ತು-ಹತ್ತು ಜಾಗಗಳಲ್ಲಿ ಮೂರೇ ಜಾಗದ್ದು ಮುಕ್ಕಾಲು ಪಾಲು. ಸಂತೆಯ ದಿನ ಮತ್ತು ಶನಿವಾರ ಜಾಸ್ತಿ. ಶಾಲೆ ಹಿಂದೆ ವಾರಕ್ಕೆ ಇನ್ನೂರರ ಆಸುಪಾಸು. ಅಕ್ಕಪಕ್ಕದ ಮನೆಯವರನ್ನು ಕೇಳಿದರೆ, ಕೂರುವುದು ಸಂಜೆ ಏಳರಿಂದ ಒಂಬತ್ತು. ಗಸ್ತಿನ ಬೀಟ್ ಪೊಲೀಸರು ಬರುತ್ತಿದ್ದುದು ಹನ್ನೊಂದರ ಮೇಲೆ!

ಈ ನೋಟ್‌ಬುಕ್ ಇಟ್ಟುಕೊಂಡೇ ಎಲ್ಲರನ್ನೂ ಕೂರಿಸಿದೆ. ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ಬೆಳಗ್ಗೆ, ಅರ್ಧ ಗಂಟೆ. ಕರೆದದ್ದು ಜಾಗಕ್ಕೆ ಬಂದು ಕೆಲಸ ಮಾಡುವವರನ್ನು: ಬೀಟ್ ಪೊಲೀಸ್, ಅಬಕಾರಿ ಪೇದೆ, ಲೈನ್‌ಮನ್, ಹೆಡ್‌ಮಾಸ್ಟರ್, ಆಶಾ ಕಾರ್ಯಕರ್ತೆ, ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದವರು, ನಮ್ಮ ನೀರುಗಂಟಿ. ಮೇಲಿನ ಅಧಿಕಾರಿಗಳಿಗೆ ಒಂದು ಹಾಳೆಯ ವರದಿ ಕಳಿಸುತ್ತಿದ್ದೆ, ಅಷ್ಟೇ. ಪ್ರತಿಯೊಬ್ಬರೂ ಒಂದು ಜಾಗ, ಒಂದು ಕೆಲಸ ಹೊತ್ತುಕೊಂಡು ಹೋಗಬೇಕು. ಮುಂದಿನ ಸಭೆ ಶುರುವಾಗುವುದೇ ಆ ಕೆಲಸ ಏನಾಯಿತು ಅನ್ನುವುದರಿಂದ. ಮೊದಲ ಸಭೆಗಳಿಗೆ ಮೂವರೇ ಬರುತ್ತಿದ್ದರು. ಆಮೇಲೆ ಎಲ್ಲರೂ ತಪ್ಪದೆ ಬರುವಂತೆ ಮಾಡಿದ ಉಪಾಯ ಒಂದಿದೆ. ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ.

ಬೀಟ್ ಪೊಲೀಸರಿಗೆ ಒಂದೇ ಕೋರಿಕೆ ಇಟ್ಟೆವು. ಗಸ್ತಿಗೆ ಬಂದದ್ದಕ್ಕೆ ಸಹಿ ಹಾಕುವ ಪಾಯಿಂಟ್ ಪುಸ್ತಕವನ್ನು ಶಾಲೆ ಜಗಲಿಗೆ ತನ್ನಿ, ಸಂತೆಯ ದಿನ ಮತ್ತು ಶನಿವಾರ ಏಳೂವರೆಗೆ ಬಂದು ಸಹಿ ಹಾಕಿ. ಹತ್ತು ನಿಮಿಷ ಸಾಕು. ಒಬ್ಬರು ಮೂವತ್ತು ಊರು ಸುತ್ತುವಾಗ ಇದಕ್ಕಿಂತ ಜಾಸ್ತಿ ಕೇಳುವುದು ನ್ಯಾಯವಲ್ಲ. ಅವರು ತಪ್ಪಿಸಲಿಲ್ಲ.

ದೀಪದ್ದು ದೊಡ್ಡ ಕಥೆ. ಶಾಲೆ ಹಿಂದಿನ ಕಂಬಗಳಿಗೆ ಬೀದಿ ದೀಪದ ತಂತಿಯನ್ನೇ ಎಳೆದಿರಲಿಲ್ಲ. ನಾವು ವರ್ಷಗಟ್ಟಲೆ ಬಲ್ಬ್ ಕಟ್ಟಿ ದೂರು ಬರೆಯುತ್ತಿದ್ದೆವು! ಲೈನ್‌ಮನ್ ಸಭೆಗೆ ಬಂದ ಮೇಲೇ ಗೊತ್ತಾಗಿದ್ದು. ಎಸ್ಟಿಮೇಟ್ ಇಪ್ಪತ್ತೆಂಟು ಸಾವಿರ ಚಿಲ್ಲರೆ. 15ನೇ ಹಣಕಾಸು ಆಯೋಗದ ಮುಕ್ತ ಅನುದಾನದಲ್ಲಿ ಕಟ್ಟಿದೆವು. ಮಂಜೂರಾತಿಗೇ ನಾಲ್ಕು ತಿಂಗಳು ಹೋಯಿತು. ಎಲ್‌ಇಡಿ ಒಂದಕ್ಕೆ ಎರಡೂವರೆ ಸಾವಿರದಂತೆ ಎಂಟೋ ಒಂಬತ್ತೋ ಹಾಕಿದೆವು. ಬಳ್ಳಾರಿ ಜಾಲಿ ಕೀಳಿಸಲು ಜೆಸಿಬಿ, ಗಂಟೆಗೆ ಸಾವಿರದ ನೂರು, ಅರ್ಧ ದಿನದ ಕೆಲಸ. ನನ್ನ ಲೆಕ್ಕದಲ್ಲಿ ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ದುಡ್ಡು ಈ ಜೆಸಿಬಿಯದು. ರಸ್ತೆಯಿಂದ ಕಾಣುವ ಜಾಗದಲ್ಲಿ ಯಾರೂ ಕೂರುವುದಿಲ್ಲ.

ಕಾಂಪೌಂಡ್ ನರೇಗಾದಲ್ಲಿ ಆಯಿತು, ನಾಲ್ಕೂವರೆ ಲಕ್ಷದ ಹತ್ತಿರ. ಸಾಮಗ್ರಿ ಬಿಲ್ಲು ಎಷ್ಟು ತಡವಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸರಬರಾಜುದಾರರು ದಿನಾ ಬಂದು ನನ್ನ ಟೇಬಲ್ ಮುಂದೆ ಕೂರುತ್ತಿದ್ದರು.

ಇನ್ನು ಪೆಟ್ಟಿಗೆ ಅಂಗಡಿಗಳು. ಎರಡು ಅಂಗಡಿಯಲ್ಲಿ ಪ್ಯಾಕೆಟ್‌ಗೆ ಹದಿನೈದು-ಇಪ್ಪತ್ತು ರೂಪಾಯಿ ಜಾಸ್ತಿ ಇಟ್ಟು ಮಾರುತ್ತಿದ್ದರು, ಹಿಂದೆ ಕೂತು ಕುಡಿಯಲೂ ಬಿಡುತ್ತಿದ್ದರು. ಅಬಕಾರಿಯವರ 15(ಎ), 32(3) ಕೇಸು ಒಂದು ಕಡೆಯಿಂದ, ನಮ್ಮ ವ್ಯಾಪಾರ ಪರವಾನಗಿಯ ನೋಟಿಸು ಇನ್ನೊಂದು ಕಡೆಯಿಂದ, ಎರಡೂ ಒಂದೇ ವಾರ ಕೈಗೆ ಸಿಗುವಂತೆ ನೋಡಿಕೊಂಡೆವು. ಒಂದೊಂದೇ ಬಂದಾಗ ಅವರು ಹೆದರಿರಲಿಲ್ಲ. ಒಬ್ಬರು ಬಿಟ್ಟರು. ಇನ್ನೊಬ್ಬರನ್ನು ಒಪ್ಪಿಸಿದ ಬಗೆ ಬರೆಯುವುದಿಲ್ಲ. ಪಕ್ಕದ ಪಂಚಾಯಿತಿಯಲ್ಲೂ ಅದು ಕೆಲಸಕ್ಕೆ ಬರಬೇಕಲ್ಲ.

ಜಾಗ ಬದಲಾಗುತ್ತದೆ, ಅದಕ್ಕೆ ತಯಾರಿರಿ. ಶಾಲೆ ಬಿಟ್ಟವರು ಬಸ್ ತಂಗುದಾಣಕ್ಕೆ ಹೋದರು, ಅಲ್ಲಿಂದ ಕೆರೆ ಏರಿಗೆ. ನೋಟ್‌ಬುಕ್ ಇದ್ದಿದ್ದರಿಂದ ವಾರದಲ್ಲೇ ಗೊತ್ತಾಯಿತು, ಪಾಯಿಂಟ್ ಪುಸ್ತಕವೂ ಹಿಂದೆಯೇ ಹೋಯಿತು.

ನಡುವೆ ಒಂದೆರಡು ಪ್ರಯೋಗ ಮಾಡಿದೆವು. ಗೋಡೆಗೆ ದೇವರ ಚಿತ್ರ ಬರೆಸಿ ಅಂದವರಿದ್ದರು. ಪಕ್ಕದ ಊರಲ್ಲಿ ಬರೆಸಿದ್ದನ್ನು ನೋಡಿ ಬಂದೆ, ಚಿತ್ರದ ಕೆಳಗೇ ಬಾಟಲಿ ಬಿದ್ದಿದ್ದವು. ಬದಲಿಗೆ ಮೈದಾನದಲ್ಲಿ ವಾಲಿಬಾಲ್ ಕೋರ್ಟ್ ಹಾಕಿ ಎರಡು ದೊಡ್ಡ ಲೈಟ್ ಕಟ್ಟಿಸಿದೆವು. ಹದಿನೆಂಟು ಸಾವಿರ, ಊರಿನ ದಾನಿಗಳದು. ಕುಡಿಯುವವರು ಕೂರುತ್ತಿದ್ದ ಹೊತ್ತಿಗೇ ಹುಡುಗರು ಆಡಲು ಬಂದರು. ಪಂಚಾಯಿತಿ ಗ್ರಂಥಾಲಯವಾದ ಅರಿವು ಕೇಂದ್ರವನ್ನು ರಾತ್ರಿ ಎಂಟರವರೆಗೆ ತೆರೆದು ನೋಡಿದೆವು, ಪರೀಕ್ಷೆ ಸಮಯ ಬಿಟ್ಟು ಜನ ಬರಲಿಲ್ಲ, ನಿಲ್ಲಿಸಿದೆವು.

ಎಲ್ಲರನ್ನೂ ಓಡಿಸಿದರೆ ಮುಗಿಯಲಿಲ್ಲ ಅಲ್ವಾ? ದಿನಾ ಕುಡಿಯುವವರ ಮನೆಗಳು ಆಶಾಗೆ ಗೊತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ ಹತ್ತು-ಹನ್ನೆರಡು ಜನರನ್ನು ಕರೆದುಕೊಂಡು ಹೋದರು. ನಾಲ್ಕೈದು ಜನ ಈಗಲೂ ಹೋಗುತ್ತಿದ್ದಾರೆ. ಉಳಿದವರ ಮನೆಯವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಬರೆದುಕೊಟ್ಟಿದ್ದೇವೆ. ನನ್ನ ಮಟ್ಟಿಗೆ ಇದೇ ದೊಡ್ಡ ಗೆಲುವು.

ಕಾಂಪೌಂಡ್, ಕ್ಯಾಮೆರಾ ಬಿಟ್ಟರೆ ಖರ್ಚು ಎಲ್ಲ ಸೇರಿ ಒಂದು ಲಕ್ಷದೊಳಗೆ. ಶಾಲೆ ಹಿಂದಿನ ಲೆಕ್ಕ ಇನ್ನೂರರಿಂದ ಮೊದಲು ಹತ್ತಕ್ಕೆ ಇಳಿಯಿತು, ಆಮೇಲೆ ಸೊನ್ನೆ. ಇಡೀ ಪಂಚಾಯಿತಿಯಲ್ಲಿ ಅರ್ಧ ಇಳಿದಿದೆ. ಕಳೆದ ಮಳೆಗಾಲದಲ್ಲಿ ಬೀಟ್‌ನವರಿಗೆ ವರ್ಗ ಆಯಿತು, ಎರಡು-ಮೂರು ವಾರ ಕೆರೆ ಏರಿಯ ಲೆಕ್ಕ ಏರಿತು. ಹೊಸಬರನ್ನು ಶುಕ್ರವಾರ ಕರೆದು ನೋಟ್‌ಬುಕ್ ಮುಂದಿಟ್ಟೆವು, ಮತ್ತೆ ಇಳಿಯಿತು. ಈಗ ಸಂತೆ ಮೈದಾನ ಹಿಡಿದಿದ್ದೇವೆ. ಅಲ್ಲಿ ಜಾಗದ ತಕರಾರು ಕೋರ್ಟಿನಲ್ಲಿರುವುದರಿಂದ ದೀಪದ ಕಂಬ ನೆಡಲು ಆಗುತ್ತಿಲ್ಲ. ಇಂಥ ಜಾಗದಲ್ಲಿ ದೀಪ ಹಾಕಿಸಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.