ಟಿಕೆಟ್‌ಗಿಂತ ಮೊದಲು ಟೇಪು

ಚಿಕ್ಕಬಳ್ಳಾಪುರದವರಿಗೆ ಏರ್‌ಪೋರ್ಟ್ ಹತ್ತಿರ. ಬೆಂಗಳೂರಿನವರು ದೇವನಹಳ್ಳಿಗೆ ಬರೋಕೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಕೂತಿರುತ್ತಾರೆ. ನಾವು ರಾತ್ರಿ ಊಟ ಮುಗಿಸಿ, ಕೈ ತೊಳೆದು, ನಿಧಾನಕ್ಕೆ ಹೊರಟರೂ ಮುಕ್ಕಾಲು ಗಂಟೆಯೊಳಗೆ ಬಾಗಿಲಲ್ಲಿ ಇರುತ್ತೇವೆ. ಹಾಗಾಗಿ 2019ರಲ್ಲಿ ಮಗಳ ಮನೆಗೆ, ಬಾಸ್ಟನ್‌ಗೆ, ಮೊದಲ ಸಲ ಹೊರಟಾಗ ಪ್ರಯಾಣದ ಬಗ್ಗೆ ನಾನು ತಲೆಯನ್ನೇ ಕೆಡಿಸಿಕೊಂಡಿರಲಿಲ್ಲ. ಪರಿಚಯದ ಏಜೆಂಟ್ ಒಬ್ಬರು ಎಲ್ಲಕ್ಕಿಂತ ಕಡಿಮೆ ರೇಟಿನ ಟಿಕೆಟ್ ತೆಗೆದುಕೊಟ್ಟರು. ವಿಮಾನದ ಕಂಪನಿ ಯಾವುದು ಅಂತ ಇಲ್ಲಿ ಬೇಡ ಬಿಡಿ.

ದೊಡ್ಡ ವಿಮಾನದಲ್ಲಿ ನನಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು. ಬೆನ್ನ ಹಿಂದೆ ಗೋಡೆ, ಗೋಡೆಯಾಚೆ ಟಾಯ್ಲೆಟ್. ಸೀಟು ಹಿಂದಕ್ಕೆ ಬಾಗುವುದೇ ಇಲ್ಲ. ನನ್ನ ಹೆಂಡತಿ ಎರಡು ಸಾಲು ಮುಂದೆ, ಗುರುತಿಲ್ಲದ ಇಬ್ಬರು ಗಂಡಸರ ನಡುವೆ. ಏಳಬೇಕಾದರೆ ಅವರನ್ನು ಎಬ್ಬಿಸಬೇಕಲ್ಲ ಅಂತ ಅವಳು ನೀರನ್ನೇ ಕುಡಿಯಲಿಲ್ಲ. ಒಂದು ಸಲವೂ ಏಳಲಿಲ್ಲ. ಇಳಿಯುವ ಹೊತ್ತಿಗೆ ಎರಡೂ ಪಾದ ಊದಿ, ಚಪ್ಪಲಿ ಪಟ್ಟಿಯೊಳಗೆ ಬೆರಳೂ ಹೋಗುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಬರೀ ಕಾಲುಚೀಲದಲ್ಲಿ ಇಮಿಗ್ರೇಷನ್ ಸಾಲಿನಲ್ಲಿ ನಿಂತಳು. ಹೊರಗೆ ಬಂದಾಗ ಮಗಳು ಕೇಳಿದ ಮೊದಲ ಮಾತು, "ಅಮ್ಮಾ, ಕಾಲಿಗೇನಾಯ್ತು?"

2024ರಲ್ಲಿ ಮಗಳ ಎರಡನೇ ಬಾಣಂತನ ಬಂತು. ಅಳಿಯಂದಿರು ಫೋನ್ ಮಾಡಿ, "ಮಾವ, ಟಿಕೆಟ್ ಬುಕ್ ಮಾಡ್ಲಾ?" ಅಂದರು. "ಬೇಡ, ಈ ಸಲ ನಾನೇ ನೋಡ್ತೀನಿ" ಅಂದೆ.

ನಾನು ಟೈಲರ್. ಮೂವತ್ತು ವರ್ಷದಿಂದ ಕೊರಳಲ್ಲಿ ಟೇಪು ನೇತಾಡುತ್ತಿದೆ. ಒಂದು ಇಂಚು ಅಂದರೆ ಎಷ್ಟು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಮೊದಲ ಸಲ ಸೀಟಿನ ಅಳತೆ ಕೇಳಬೇಕು ಅಂತ ನನಗೇ ಹೊಳೆಯಲಿಲ್ಲ ನೋಡಿ!

ಅಂಗಡಿ ಮುಚ್ಚಿದ ಮೇಲೆ ಮೊಬೈಲ್ ಹಿಡಿದು ಕೂತೆ. ಬಹಳ ಕಡೆ ಬೋಯಿಂಗ್ 777ರಲ್ಲಿ ಸಾಲಿಗೆ ಹತ್ತು ಜನ, ಮೂರು-ನಾಲ್ಕು-ಮೂರು. ಸೀಟಿನ ಅಗಲ ಸುಮಾರು 17 ಇಂಚು. ಅದೇ ವಿಮಾನದಲ್ಲಿ ಹಿಂದೆ ಸಾಲಿಗೆ ಒಂಬತ್ತೇ ಇರುತ್ತಿತ್ತು. ಒಬ್ಬರನ್ನು ಜಾಸ್ತಿ ತುರುಕಿದ್ದಾರೆ ಅಷ್ಟೇ. ಏರ್‌ಬಸ್ ಎ350ರಲ್ಲಿ ಸಾಮಾನ್ಯವಾಗಿ ಸಾಲಿಗೆ ಒಂಬತ್ತು, ಮೂರು-ಮೂರು-ಮೂರು, ಅಗಲ ಸುಮಾರು 18. ಎ330ರಲ್ಲಿ ಎರಡು-ನಾಲ್ಕು-ಎರಡು, ಅಲ್ಲೂ ಸುಮಾರು 18. ಗಂಡ-ಹೆಂಡತಿಗೆ ಆ ಎರಡರ ಜೋಡಿಯಷ್ಟು ಒಳ್ಳೇದು ಇನ್ನೊಂದಿಲ್ಲ. ಬೋಯಿಂಗ್ 787ರಲ್ಲಿ ಹೆಚ್ಚಿನವರು ಒಂಬತ್ತು ಹಾಕಿದ್ದಾರೆ, ಮತ್ತೆ 17 ಚಿಲ್ಲರೆ. ಜಪಾನ್ ಏರ್‌ಲೈನ್ಸ್‌ನವರು ಮಾತ್ರ ತಮ್ಮ ಅಂತರರಾಷ್ಟ್ರೀಯ 787ಗಳಲ್ಲಿ ಎಂಟೇ ಇಟ್ಟುಕೊಂಡಿದ್ದಾರೆ. ಬೆಂಗಳೂರಿನಿಂದ ಟೋಕಿಯೊ ಮೂಲಕ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುವವರು ಇದನ್ನು ನೋಡಬಹುದು. ಬಾಸ್ಟನ್‌ಗೆ ಅದು ಸುತ್ತು ದಾರಿ.

ನನ್ನ ಶರ್ಟಿನ ಷೋಲ್ಡರ್ 18 ಇಂಚು. ಸೀಟು 17 ಇದ್ದರೆ ಉಳಿದ ಒಂದು ಇಂಚು ಹೋಗುವುದು ಪಕ್ಕದವರ ಮೈಮೇಲೆ. ಅವರದೂ ಇತ್ತ ಬರುತ್ತದೆ. ನಂಬಿಕೆ ಬರಲಿ ಅಂತ ಮನೆಯ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ 17 ಇಂಚಿಗೆ ಸೀಮೆಸುಣ್ಣದ ಗೆರೆ ಹಾಕಿ, ಮೂರನ್ನೂ ಒತ್ತಿಟ್ಟು, ನಾನು, ಹೆಂಡತಿ, ಅಂಗಡಿಯ ಹುಡುಗ ಕೂತು ನೋಡಿದೆವು. ಹುಡುಗನಿಗೆ ಐದು ನಿಮಿಷಕ್ಕೇ ಸಾಕಾಯಿತು. "ಅಣ್ಣಾ, ಇದ್ರಲ್ಲಿ ಹದಿಮೂರು ಗಂಟೇನಾ?"

ಕಾಲಿನ ಜಾಗದ ಲೆಕ್ಕದಲ್ಲಿ ಒಂದು ಮೋಸವಿದೆ. ಪಿಚ್ 31, ಪಿಚ್ 32 ಅಂತ ಬರೆದಿರುತ್ತಾರಲ್ಲ, ಅದು ಮಂಡಿಗೆ ಸಿಗುವ ಜಾಗ ಅಲ್ಲ. ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿಗೆ ಇರುವ ದೂರ. ಸೀಟಿನ ದಪ್ಪವೂ ಅದರಲ್ಲೇ ಸೇರಿದೆ. ನಾವು ಹೊಲಿಗೆ ಮಾರ್ಜಿನ್ ಸೇರಿಸಿ ಬಟ್ಟೆ ಅಳೆಯುವ ಹಾಗೆ, ಇಲ್ಲಿ ಮಾರ್ಜಿನ್ ಸೇರಿಸಿಯೇ ಅಳತೆ ಹೇಳುತ್ತಾರೆ.

ಇನ್ನೊಂದು ವಿಷಯ ಗೊತ್ತಾಗಿ ಆಶ್ಚರ್ಯವಾಯಿತು. ಹಳೆಯ ಮಾದರಿಯ ವಿಮಾನಗಳ ಒಳಗಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಎ350, 787ಗಳಲ್ಲಿ ಅದು 6,000 ಅಡಿಯ ಆಸುಪಾಸು. ನಮ್ಮ ನಂದಿಬೆಟ್ಟ 4,851 ಅಡಿ. ಹಾಗಾದರೆ ಹೊಸ ವಿಮಾನ ಅಂದರೆ ನಂದಿಗಿಂತ ಸ್ವಲ್ಪ ಮೇಲೆ ಕೂತ ಹಾಗೆ. ಹಳೆಯದು ಹೆಚ್ಚುಕಡಿಮೆ ಊಟಿಯ ದೊಡ್ಡಬೆಟ್ಟದ ಮೇಲೆ ರಾತ್ರಿಯಿಡೀ ಕೂತ ಹಾಗೆ. ಹೊಸದರಲ್ಲಿ ಗಾಳಿ ಅಷ್ಟು ಒಣಗಿಯೂ ಇರುವುದಿಲ್ಲ.

ಕೊನೆಗೆ ಉಳಿದದ್ದು ಎರಡು ದಾರಿ. ಎತಿಹಾದ್ ಕಂಪನಿಯ ವಿಮಾನದಲ್ಲಿ ಅಬುಧಾಬಿ ಮೂಲಕ, ಇಲ್ಲವೇ ಕತಾರ್ ಏರ್‌ವೇಸ್‌ನಲ್ಲಿ ದೋಹಾ ಮೂಲಕ. ಅಬುಧಾಬಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅಮೆರಿಕದ ಇಮಿಗ್ರೇಷನ್ ಅಲ್ಲಿಯೇ ಮುಗಿಯುತ್ತದೆ. 2014ರಿಂದ ಈ ವ್ಯವಸ್ಥೆ ಇದೆ. ಅಮೆರಿಕದಲ್ಲಿ ಇಳಿದರೆ ಬ್ಯಾಗ್ ತೆಗೆದುಕೊಂಡು ಸೀದಾ ಹೊರಗೆ. ಆದರೆ ಅಬುಧಾಬಿಯಲ್ಲಿ ಇನ್ನೊಂದು ತಪಾಸಣೆಯೂ ಆಗಬೇಕು, ಮಧ್ಯೆ ಸಾಕಷ್ಟು ಸಮಯ ಬೇಕು. ನನ್ನ ತಾರೀಖಿಗೆ ಆ ದೊಡ್ಡ ಹಾರಾಟಕ್ಕೆ ಇದ್ದದ್ದು 787. ದೋಹಾದಿಂದ ಬಾಸ್ಟನ್‌ಗೆ ಎ350. ಸಾಲಿನಲ್ಲಿ ಒಂದು ಗಂಟೆ ನಿಲ್ಲುವುದಾ, ಹದಿಮೂರು ಗಂಟೆ ಭುಜ ಮುದುರಿ ಕೂರುವುದಾ? ದೋಹಾಕ್ಕೆ ಇಬ್ಬರಿಗೂ ಸೇರಿ ಒಂಬತ್ತು ಸಾವಿರ ಜಾಸ್ತಿ ಆಯಿತು, ಕೊಟ್ಟೆ. ಬೆಂಗಳೂರಿನಿಂದ ಕೊಲ್ಲಿಗೆ ನಾಲ್ಕೂವರೆ ಗಂಟೆ. ಅಷ್ಟಕ್ಕೆ ಯಾವ ವಿಮಾನವಾದರೂ ನಡೆಯುತ್ತದೆ. ದೊಡ್ಡ ಹಾರಾಟವನ್ನು ನೋಡಿ ಕಂಪನಿ ಆರಿಸಬೇಕು ಅನ್ನುವುದು ನನ್ನ ಲೆಕ್ಕ. ಟಿಕೆಟ್ ಪುಟದಲ್ಲಿ 'ವಿವರ' ಒತ್ತಿದರೆ ವಿಮಾನದ ಮಾದರಿ ಬರುತ್ತದೆ. 77ಡಬ್ಲ್ಯು ಅಂತ ಇದ್ದರೆ ಅದು 777ರ ಉದ್ದನೆಯ ಮಾದರಿ.

ಸೀಟು ಆರಿಸಲು ಇನ್ನೆರಡು ರಾತ್ರಿ ಹೋಯಿತು. ಕಂಪನಿಯ ನಕ್ಷೆಯಲ್ಲಿ ಎಲ್ಲಾ ಸೀಟೂ ಒಂದೇ ಅಳತೆಯ ಡಬ್ಬಿ. ಏರೋಲೋಪಾ ಅನ್ನುವ ಜಾಲತಾಣದಲ್ಲಿ ಮಾತ್ರ ಅಳತೆಗೆ ಸರಿಯಾಗಿ ಬಿಡಿಸಿದ್ದಾರೆ, ನಮ್ಮ ಪೇಪರ್ ಕಟಿಂಗ್ ತರಹ. ಕಿಟಕಿ ಎಲ್ಲಿ ತಪ್ಪಿದೆ, ಟಾಯ್ಲೆಟ್ ಎಷ್ಟು ಹತ್ತಿರ, ಎಲ್ಲಾ ಕಾಣುತ್ತದೆ.

ಎಮರ್ಜೆನ್ಸಿ ಬಾಗಿಲ ಪಕ್ಕದ ಸಾಲಿನಲ್ಲಿ ಕಾಲಿಗೆ ಜಾಗ ಧಾರಾಳ. ಆದರೆ ಮಂಡಿ ನೋವಿನವರನ್ನು ಅಲ್ಲಿ ಕೂರಿಸುವುದಿಲ್ಲ, ತುರ್ತಿನಲ್ಲಿ ಬಾಗಿಲು ತೆರೆಯಲು ಸಹಾಯ ಮಾಡುವಂಥವರೇ ಆಗಬೇಕು. ಗೋಡೆಯ ಮುಂದಿನ ಮೊದಲ ಸಾಲಿನಲ್ಲಿ ತೊಟ್ಟಿಲು ತಗುಲಿಸುತ್ತಾರೆ, ಕೂಸುಗಳು ಅಲ್ಲೇ. ವಿಮಾನ ಏರುವಾಗ, ಇಳಿಯುವಾಗ ಅಲ್ಲಿ ಕೈಚೀಲವನ್ನು ಕಾಲ ಬಳಿ ಇಟ್ಟುಕೊಳ್ಳಲೂ ಬಿಡುವುದಿಲ್ಲ. ಊಟದ ಟ್ರೇ ಕೈ ಒರಗಿಸುವ ಪಟ್ಟಿಯೊಳಗೇ ಇರುವುದರಿಂದ ಆ ಪಟ್ಟಿ ಮೇಲೆತ್ತಲು ಬರುವುದಿಲ್ಲ. ಕಡೆಯ ಸಾಲಿನ ಕಥೆ ಮೊದಲೇ ಹೇಳಿದೆ. ರೆಕ್ಕೆಯ ನೇರಕ್ಕೆ ಕುಲುಕಾಟ ಕಡಿಮೆ.

ನನಗೆ ಹೊಳೆದದ್ದು ಮಧ್ಯದ ಮೂರರ ಗುಂಪು. ಕಿಟಕಿ ಕಡೆಯ ಮೂರರಲ್ಲಿ ಕೂತರೆ ಒಳಗಿನವರು ಎದ್ದಾಗೆಲ್ಲ ನಾವೂ ಏಳಬೇಕು. ಮಧ್ಯದ ಗುಂಪಿಗೆ ಎರಡೂ ಕಡೆ ದಾರಿ. ಹೆಂಡತಿಗೆ ದಾರಿ ಪಕ್ಕದ್ದು, ನನಗೆ ನಡುವಿನದು. ಆಚೆ ತುದಿಯ ಮೂರನೆಯವರಿಗೆ ಅವರದೇ ದಾರಿ. ಅವಳು ಯಾರನ್ನೂ ಎಬ್ಬಿಸಬೇಕಿಲ್ಲ. ಸೀಟಿಗೆ ಬೇರೆ ದುಡ್ಡು ಕಟ್ಟಿದೆ. ಆಮೇಲೆ ವಿಮಾನ ಬದಲಾಗಿ ಸೀಟು ಚೆಲ್ಲಾಪಿಲ್ಲಿ ಆದವರ ಕಥೆ ಕೇಳಿದ್ದೆ. ಅದಕ್ಕೆ ಪ್ರತಿ ಭಾನುವಾರ ಬುಕಿಂಗ್ ತೆರೆದು ನೋಡುತ್ತಿದ್ದೆ.

ಊಟದ ಬಗ್ಗೆ ಒಂದೇ ಮಾತು. ನಮ್ಮ ಬಂಧುಗಳೊಬ್ಬರು ಹೆಸರು ನೋಡಿ 'ಹಿಂದೂ ಊಟ' ಅಂತ ಬರೆಸಿದ್ದರು. ಕೋಳಿ ಬಂತು! ಅದರಲ್ಲಿ ದನದ ಮಾಂಸ ಇರುವುದಿಲ್ಲ ಅಷ್ಟೇ, ಸಸ್ಯಾಹಾರ ಅಲ್ಲ. ನಮಗೆ ಬೇಕಾದದ್ದು 'ಏಷ್ಯನ್ ವೆಜಿಟೇರಿಯನ್', ಬುಕಿಂಗ್‌ನಲ್ಲಿ ಅದರ ಕೋಡ್ ಎವಿಎಂಎಲ್. ಸಾಮಾನ್ಯವಾಗಿ 24 ಗಂಟೆ ಮೊದಲೇ ಹೇಳಬೇಕು. ಮಿಕ್ಕವರಿಗಿಂತ ಮುಂಚೆ ತಟ್ಟೆ ಬರುತ್ತದೆ.

ವೀಲ್‌ಚೇರ್‌ಗೆ ದುಡ್ಡಿಲ್ಲ, ಬುಕಿಂಗ್‌ನಲ್ಲೇ ಕೇಳಬಹುದು. ಹೆಂಡತಿ ಒಪ್ಪಲಿಲ್ಲ. "ರೀ, ಊರಿನವರು ಯಾರಾದ್ರೂ ನೋಡಿದ್ರೆ?" ಅಂದಳು. "ಅರ್ಧ ರಾತ್ರೀಲಿ ನಮ್ಮೂರಿನವರು ಯಾರಿರ್ತಾರೆ ಬಾರೇ" ಅಂತ ಕೂರಿಸಿದೆ. ಎರಡನೇ ಟರ್ಮಿನಲ್‌ನ ಬಿದಿರಿನ ಚಾವಣಿ ನೋಡುತ್ತಾ ಹೋಗುತ್ತಿದ್ದಾಗ ಪಕ್ಕದ ವೀಲ್‌ಚೇರ್‌ನಲ್ಲಿ ನಮ್ಮದೇ ಬೀದಿಯ ಹೆಂಗಸು. ಇಬ್ಬರೂ ಗೇಟ್ ಬರುವವರೆಗೂ ಮಾತಾಡಿದರು.

ಹದಿಮೂರು ಗಂಟೆಯಲ್ಲಿ ಅವಳು ಆರು ಸಲ ಎದ್ದು ಓಡಾಡಿದ್ದನ್ನು ನಾನು ಎಣಿಸಿದೆ. ನೀರು ಕೇಳಿ ಕೇಳಿ ಕುಡಿದಳು. ಇಳಿಯುವಾಗ ಚಪ್ಪಲಿ ಕಾಲಲ್ಲೇ ಇತ್ತು. ಮಗಳು "ಪ್ರಯಾಣ ಹೇಗಿತ್ತಮ್ಮಾ?" ಅಂದಾಗ ಅಗಲ, ಪಿಚ್, ಮಧ್ಯದ ಗುಂಪು, ಏನಾದರೂ ಹೇಳುತ್ತಾಳೆ ಅಂತ ಕಾದೆ. "ಆ ತುದೀಲಿ ಕೂತಿದ್ದ ಹುಡುಗ, ಪಾಪ, ಊಟಕ್ಕೇ ಏಳಲಿಲ್ಲ ಕಣೇ" ಅಂದಳು. ಅವನಿಗೆ ಅಂತ ಎತ್ತಿಟ್ಟಿದ್ದ ಬನ್ನು ಅವಳ ಕೈಚೀಲದಲ್ಲೇ ಉಳಿದಿತ್ತು.