ಬೆನ್ನಿಗೆ ತಾಗಿದ ಅಂಗೈ

ನಮ್ಮ ಪ್ರೌಢಶಾಲೆಯ ಖೋ-ಖೋ ಹುಡುಗಿಯರ ಚಿತ್ರಗಳು ಬಹಳ ವರ್ಷ ಒಂದೇ ಬಗೆಯವಾಗಿದ್ದವು: ಎರಡು ಸಾಲು, ನಡುವೆ ಕಪ್, ಪಕ್ಕದಲ್ಲಿ ಅತಿಥಿಗಳು. ಆಟ ಎಲ್ಲೂ ಇಲ್ಲ. ನಾನು ಮೊಬೈಲಿನಲ್ಲಿ ತೆಗೆದರೆ ಓಡುವ ಹುಡುಗಿ ಮಸುಕು ಗೆರೆಯಾಗುತ್ತಿದ್ದಳು. ಪಂದ್ಯದ ಹೊತ್ತಿನಲ್ಲಿ ದೈಹಿಕ ಶಿಕ್ಷಕನ ಕಣ್ಣು ಅಂಕಣದ ಮೇಲಿರಬೇಕು, ಪರದೆಯ ಮೇಲಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳಾ ತಂಡದಲ್ಲಿ ನಮ್ಮ ರಾಜ್ಯದ ಬಿ. ಚೈತ್ರಾ ಇದ್ದರು. ಹುಡುಗಿಯರು ಪತ್ರಿಕೆಯ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದರು. "ಸರ್, ಡೈವ್ ಹೊಡೆದಾಗ ನಾವೂ ಹೀಗೆಯೇ ಕಾಣುತ್ತೇವೆಯೇ?" ಎಂದು ಒಬ್ಬಳು ಕೇಳಿದಳು. ತೋರಿಸಲು ನನ್ನಲ್ಲಿ ಒಂದು ಚಿತ್ರವೂ ಇರಲಿಲ್ಲ.

ಆ ವರ್ಷ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಪಂದ್ಯಕ್ಕೆ ಛಾಯಾಗ್ರಾಹಕರೊಬ್ಬರನ್ನು ಕರೆಸಿದೆ. ಮದುವೆ ಚಿತ್ರ ತೆಗೆಯುವವರು ಊರಲ್ಲಿ ಬೇಕಾದಷ್ಟಿದ್ದಾರೆ. ನಾನು ಹುಡುಕಿದ್ದು ಪತ್ರಿಕೆಗೆ ಆಟದ ಚಿತ್ರ ತೆಗೆದು ಪಳಗಿದವರನ್ನು. ಅರ್ಧ ದಿನಕ್ಕೆ 3,000 ರೂಪಾಯಿ. ಹಳೆಯ ವಿದ್ಯಾರ್ಥಿಗಳು ಅರ್ಧ ಕೊಟ್ಟರು, ಉಳಿದದ್ದನ್ನು ನಾನು ಹಾಕಿದೆ. ಕೂಲಿಗೆ ಹೋಗುವ ತಂದೆತಾಯಿಯರಿಂದ ಹಣ ಕೇಳಲಿಲ್ಲ, ಒಪ್ಪಿಗೆ ಮಾತ್ರ ಕೇಳಿದೆ.

ಛಾಯಾಗ್ರಾಹಕರು ಪಂದ್ಯದ ಹಿಂದಿನ ಸಂಜೆಯೇ ಅಭ್ಯಾಸಕ್ಕೆ ಬಂದರು. "ಕಂಬಕ್ಕೆ ಡೈವ್ ಹೊಡೆಯುವವಳು ಯಾರು? ಯಾವ ಕಡೆಗೆ ಬೀಳುತ್ತಾಳೆ?" ಎಂದು ಕೇಳಿ ಗುರುತು ಹಾಕಿಕೊಂಡರು. ಮರುದಿನ ಬೆಳಗ್ಗೆ ರೆಫರಿಯ ಅನುಮತಿ ಪಡೆದು, ಅಂಕಣದಿಂದ ದೂರದಲ್ಲಿ, ಬಿಸಿಲು ತಮ್ಮ ಬೆನ್ನಿಗೆ ಬರುವಂತೆ ಮಣ್ಣಿನಲ್ಲಿ ಬೋರಲು ಮಲಗಿದರು. ಫ್ಲ್ಯಾಶ್ ಬಳಸಲೇ ಇಲ್ಲ. ಕ್ಯಾಮೆರಾಕ್ಕೆ ಬೆಳಕು ಬಿಡುವ ಶಟರ್ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿದ್ದರೆ ಕೈಬೆರಳು ಮಸುಕಾಗುತ್ತದೆ ಎಂದರು. ಅಷ್ಟು ತಗ್ಗಿನಿಂದ ನೋಡಿದಾಗ ಡೈವ್ ಹೊಡೆದ ಹುಡುಗಿ ನಿಜವಾಗಿಯೂ ನೆಲ ಬಿಟ್ಟಿದ್ದಳು.

ನನಗೆ ಹೆಚ್ಚು ಬೆಲೆಬಾಳಿದ್ದು ಮಾತ್ರ ಬೇರೊಂದು ಸರಣಿ. ಖೋ-ಖೋದಲ್ಲಿ ಎಂಟು ಮಂದಿ ಸಾಲಾಗಿ ಕುಳಿತಿರುತ್ತಾರೆ, ಒಬ್ಬಳು ಅಟ್ಟುತ್ತಾಳೆ. ಹಿಂದಿನಿಂದ ಬೆನ್ನು ಮುಟ್ಟಿ 'ಖೋ' ಎನ್ನುವ ಮೊದಲೇ ಎದ್ದರೆ ಫೌಲ್. ನಮ್ಮ ಒಬ್ಬ ಹುಡುಗಿಗೆ ಮೇಲಿಂದ ಮೇಲೆ ಫೌಲ್ ಬೀಳುತ್ತಿತ್ತು. ತಾನು ಮೊದಲೇ ಏಳುವುದಿಲ್ಲ ಎಂದು ಆಕೆ ಅಳುತ್ತಿದ್ದಳು. ಒಂದರ ಹಿಂದೊಂದು ತೆಗೆದ ಆರು ಚಿತ್ರಗಳನ್ನು ಮುಂದಿಟ್ಟೆ. ಮೂರನೆಯದರಲ್ಲಿ ಗೆಳತಿಯ ಅಂಗೈ ಇನ್ನೂ ಗಾಳಿಯಲ್ಲಿದೆ, ಇವಳ ಹಿಮ್ಮಡಿ ಎದ್ದಾಗಿದೆ. ಆಕೆ ಬಹಳ ಹೊತ್ತು ನೋಡಿದಳು. ನಾನು ತಿಂಗಳುಗಟ್ಟಲೆ ಕೂಗಿ ಹೇಳಿದ್ದು ಅಲ್ಲಿ ಎರಡೇ ನಿಮಿಷದಲ್ಲಿ ತಿಳಿಯಿತು.

ಪ್ರತಿ ಹುಡುಗಿಯ ಚಿತ್ರವೂ ಇರಲೇಬೇಕೆಂದು ಮೊದಲೇ ಹೇಳಿ, ಹೆಸರು ಮತ್ತು ಅಂಗಿಯ ಸಂಖ್ಯೆಯ ಪಟ್ಟಿ ಕೊಟ್ಟಿದ್ದೆ. ಇಲ್ಲದಿದ್ದರೆ ಕ್ಯಾಮೆರಾ ಚುರುಕಾದವರ ಹಿಂದೆಯೇ ಓಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಹಾಯ್ದ ಚಿತ್ರ ಸವೆದುಹೋಗುವುದರಿಂದ ಮೂಲ ಕಡತಗಳನ್ನು ಪೆನ್‌ಡ್ರೈವ್‌ನಲ್ಲಿ ಪಡೆದು, ಹನ್ನೆರಡು ಮಂದಿಗೂ ಒಂದೊಂದು ಮುದ್ರಿಸಿ ಕೊಟ್ಟೆ.

ಸಾಲಿನಲ್ಲಿ ಕೊನೆಗೆ ಕೂರುವ, ಹೆಚ್ಚು ಮಾತನಾಡದ ಹುಡುಗಿಯ ಚಿತ್ರದಲ್ಲಿ ಮುಖವೇ ಇರಲಿಲ್ಲ. ಬೆನ್ನು, ಅದರ ಮೇಲೆ ಬಂದು ತಾಗಿದ ಒಂದು ಅಂಗೈ, ಸುತ್ತ ಎದ್ದ ಧೂಳು. ಕೊಡಲೋ ಬೇಡವೋ ಎಂದು ಅನುಮಾನಿಸಿದೆ. ತೊಗರಿ ಹೊಲದಿಂದ ನೇರವಾಗಿ ಬಂದಿದ್ದ ಅವಳ ತಾಯಿ ಅದನ್ನು ಸೆರಗಿನಲ್ಲಿ ಒರೆಸಿ ಹೇಳಿದರು: "ಈ ಜಡೆ ನಾನೇ ಹೆಣೆದದ್ದು, ಸರ್."