ಟಾರ್ಪ್ ಹೊಲಿಯೋಣ, ಮೊದಲ ಸಲವೇ ಸರಿಯಾಗಿ

ಟ್ರೆಕ್ಕಿಂಗಿಗೆ ಹಗುರ ಟಾರ್ಪ್, ಅಂದರೆ ಮಳೆಗೆ ಅಡ್ಡವಾಗಿ ಹಗ್ಗದಲ್ಲಿ ಎಳೆದು ಕಟ್ಟುವ ಚಾವಣಿ ಬಟ್ಟೆ, ಬೇಕು ಅಂದ್ರೆ ಹೊಲಿಗೆ ಮೆಷಿನ್ ಇರುವವರು ಧೈರ್ಯವಾಗಿ ಮನೆಯಲ್ಲೇ ಮಾಡಬಹುದು. ಕಾಲಲ್ಲಿ ತುಳಿಯುವ ಹಳೇ ಮೆಷಿನ್ ಆದರೂ ಸಾಕು, ಬೇಕಿರುವುದು ನೇರ ಹೊಲಿಗೆ ಮಾತ್ರ.

ಸಿಲಿಕೋನ್ ಲೇಪನದ ರಿಪ್‌ಸ್ಟಾಪ್ (ಹರಿತ ಹಬ್ಬದಂತೆ ನೇಯ್ದ) ನೈಲಾನ್, ಒಂದೂವರೆ ಮೀಟರ್ ಪನ್ನದ್ದು, 6 ಮೀಟರ್ ತನ್ನಿ. ಅದನ್ನು 3 ಮೀಟರಿನ ಎರಡು ತುಂಡು ಮಾಡಿ ಉದ್ದನೆಯ ಅಂಚುಗಳನ್ನು ಜೋಡಿಸಿದರೆ ಇಬ್ಬರು ಮಲಗುವಷ್ಟು ಚಾವಣಿ. ದಾರ ಪಾಲಿಯೆಸ್ಟರ್‌ದೇ ಇರಲಿ, ಹತ್ತಿಯದು ಒದ್ದೆಯಾಗಿ ಕೊಳೆಯುತ್ತದೆ. ಸೂಜಿ ಹೊಸದು, 11 ನಂಬರಿನದು.

ಈ ಬಟ್ಟೆ ತುಂಬಾ ಜಾರುತ್ತದೆ. ಗುಂಡುಪಿನ್ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ, ಕ್ಲಿಪ್ ಹಾಕಿ. ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು ದಾರದ ಬಿಗಿ (ಟೆನ್ಷನ್) ನೋಡಿಕೊಳ್ಳಿ, ಹೊಲಿಗೆ 3 ಮಿ.ಮೀ. ಉದ್ದ ಇರಲಿ, ತೀರಾ ಚಿಕ್ಕದಾದರೆ ಸಾಲುತೂತುಗಳ ಗುಂಟ ಬಟ್ಟೆ ಹರಿಯಬಹುದು.

ನಿಮ್ಮ ತಾಳ್ಮೆಯೆಲ್ಲ ಎರಡು ತುಂಡು ಕೂಡಿಸುವ ನಡುಹೊಲಿಗೆಗೆ ಇರಲಿ, ಟಾರ್ಪಿನ ಭಾರ ಹೊರುವುದೂ ಮಳೆ ಒಳಗೆ ಬಿಡುವುದೂ ಅದೇ. ಎರಡು ತುಂಡು ಒಂದರ ಮೇಲೊಂದು ಇಟ್ಟು, ಕೆಳಗಿನದರ ಅಂಚು 1.2 ಸೆಂ.ಮೀ. ಹೊರಗೆ ಚಾಚಲಿ. ಮೇಲಿನದರ ಅಂಚಿನಿಂದ ಅಷ್ಟೇ ಒಳಗೆ ಹೊಲಿಯಿರಿ. ಚಾಚಿದ ಅಂಚನ್ನು ಗಿಡ್ಡ ಅಂಚಿನ ಮೇಲೆ ಮಡಚಿ, ಬಟ್ಟೆ ಬಿಡಿಸಿ, ಆ ಮಡಿಕೆಯನ್ನು ಒಂದು ಬದಿಗೆ ಮಲಗಿಸಿ ಅದರ ಅಂಚಿನಗುಂಟ ಇನ್ನೊಂದು ಹೊಲಿಗೆ ಹಾಕಿ. ಜೀನ್ಸ್ ಪ್ಯಾಂಟಿನಲ್ಲಿ ಎರಡು ಸಾಲಿನ ಹೊಲಿಗೆ ನೋಡಿದ್ದೀರಲ್ವಾ, ಅದೇ ಇದು. ಇಸ್ತ್ರಿ ಬೇಡ, ನೈಲಾನ್ ಕರಗುತ್ತದೆ. ಉಗುರಲ್ಲಿ ಒತ್ತಿ ಗೆರೆ ಮೂಡಿಸಿದರೆ ಆಯಿತು.

ನಾಲ್ಕೂ ಅಂಚನ್ನು ಎರಡೆರಡು ಸಲ ಮಡಚಿ ಹೊಲಿಯಿರಿ. ಆಮೇಲೆ ಹಗ್ಗ ಕಟ್ಟಲು ಗಟ್ಟಿ ರಿಬ್ಬನ್ನಿನ ಕುಣಿಕೆ: ನಾಲ್ಕು ಮೂಲೆಗೆ ನಾಲ್ಕು, ನಡುಹೊಲಿಗೆಯ ತುದಿಗಳಿಗೆ ಎರಡು, ಅದಕ್ಕೆ ಸಮಾನಾಂತರವಾದ ಅಂಚುಗಳ ನಡುವೆ ಎರಡು. ರಿಬ್ಬನ್ನಿನ ತುದಿ ಬೆಂಕಿಗೆ ತೋರಿಸಿದರೆ ನೂಲು ಬಿಚ್ಚುವುದಿಲ್ಲ. ಪ್ರತಿ ಕುಣಿಕೆಯ ಅಡಿಗೂ ಅದೇ ಬಟ್ಟೆಯ ತೇಪೆ ಇಟ್ಟು, ಹಿಂದೆ ಮುಂದೆ ನಾಲ್ಕೈದು ಸಲ ಹೊಲಿಗೆ ಓಡಿಸಿ.

ಕೊನೆಗೆ ಸೀಲಿಂಗ್, ಅಂದರೆ ಹೊಲಿಗೆಯ ತೂತು ಮುಚ್ಚುವುದು. ಇದನ್ನು ಬಿಟ್ಟರೆ ಆಗುಂಬೆ ಮಳೆಯಲ್ಲಿ ಸೂಜಿತೂತಿನಿಂದ ಹನಿ ತಪ್ಪಿದ್ದಲ್ಲ. ಪಾರದರ್ಶಕ ಸಿಲಿಕೋನ್ ಸೀಲಂಟನ್ನು ಮಿನರಲ್ ಟರ್ಪೆಂಟೈನಿನಲ್ಲಿ ತೆಳುವಾಗಿ ಕಲಸಿ, ಗಾಳಿಯಾಡುವ ಕಡೆ ಕೂತು ಬ್ರಷ್ಷಿನಲ್ಲಿ ಹೊಲಿಗೆಗೆ ಸವರಿ. ಬೇರೆ ಅಂಟು ಈ ಲೇಪನಕ್ಕೆ ಹಿಡಿಯುವುದಿಲ್ಲ. ಒಂದಿಡೀ ದಿನ ಒಣಗಲಿ, ಟಾಲ್ಕಂ ಪೌಡರ್ ಉದುರಿಸಿ, ಆಮೇಲೆ ಮಡಚಿ.

ಕಟ್ಟಿದ ಮೇಲೂ ಒಂದು ಕೆಲಸ ಇದೆ. ನೆನೆದ ನೈಲಾನ್ ಹಿಗ್ಗಿ ಜೋಲು ಬೀಳುತ್ತದೆ, ಮಲಗುವ ಮುಂಚೆ ಹಗ್ಗಗಳನ್ನೆಲ್ಲ ಇನ್ನೊಮ್ಮೆ ಎಳೆದು ಬಿಗಿ ಮಾಡಿ.